ಶನಿವಾರದ ಕ್ಲಾಸು ಬಿಟ್ಟು ಹನ್ನೆರಡು ಸಾವಿರ

ಸ್ಯಾಕ್ಸೋಫೋನಿನಲ್ಲಿ ಜಾಜ್ ಕಲಿಯಲು ನಾನು ಕೊಟ್ಟ ಫೀಸು ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿ. ಶಾಲೆಯವರು ಕೇಳಿದ್ದು ಹದಿನೆಂಟು. ಉಳಿದ ಆರು ಸಾವಿರವನ್ನು ಒಂದು ಲೋಟ ಕಾಫಿ ಆರುವುದರೊಳಗೆ ಇಳಿಸಿದವನು ನಾನೇ. ಅದೇ ವರ್ಷ, ಅದೇ ಸ್ಯಾಕ್ಸೋಫೋನ್ ಕಲಿಯಲು ನನ್ನ ಚಿಕ್ಕಪ್ಪನ ಮಗ ಮದ್ರಾಸಿಗೆ ಹೋದ. ಅಲ್ಲಿಯವರು ನಲವತ್ತು ಎಂದರು, ಇವನು ನಲವತ್ತು ಕೊಟ್ಟ. ಒಂದು ಮಾತು ಆಡಲಿಲ್ಲ, ಒಂದು ಸಲವಾದರೂ ಎದ್ದು ಬಾಗಿಲ ತನಕ ಹೋಗಿ ಬರಲಿಲ್ಲ. ನನಗೆ ಕಡಿಮೆಯಾದದ್ದು ಏಕೆಂದರೆ, ಶನಿವಾರದ ಕ್ಲಾಸು ಬೇಡವೆಂದು ನಾನು ಅದನ್ನು ಬಿಡಿಸಿದ್ದೆ. ಬಹಳ ದಿನ ಇದನ್ನು ನನ್ನ ಜಾಣತನದ ಕಥೆಯೆಂದು ಹೇಳಿಕೊಂಡು ತಿರುಗಿದೆ. ಈಗ ಪೂರ್ತಿ ಹೇಳುತ್ತೇನೆ. ಮಕ್ಕಳನ್ನು ಸಂಗೀತ ಶಾಲೆಗೆ ಸೇರಿಸುವವರು ಇತ್ತೀಚೆಗೆ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅರ್ಧ ಹೇಳಿ ಕಳಿಸುವುದು ಸರಿಯಲ್ಲ.

ಹಳೇಬೀಡಿನಲ್ಲಿ ದೇವಸ್ಥಾನದ ಗೇಟಿನ ಎದುರು ನಮ್ಮದೊಂದು ತಳ್ಳುಗಾಡಿ. ಬಳಪದ ಕಲ್ಲಿನ ಗಣಪತಿ, ಆನೆ, ಪೋಸ್ಟ್‌ಕಾರ್ಡಿನ ಕಟ್ಟು, ನಾಲ್ಕು ಭಾಷೆಯ ಗೈಡ್ ಪುಸ್ತಕ. ಅಪ್ಪ ಬಿಟ್ಟುಹೋದದ್ದು ಗಾಡಿ ಮಾತ್ರ, ಮಾಲು ನಾನೇ ಹಾಕಿದ್ದು. ಟೂರಿಸ್ಟ್ ಬಸ್ಸುಗಳು ಬೇಲೂರು ಮುಗಿಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಜನ ಬಿಸಿಲಿಗೆ ಬಾಡಿರುತ್ತಾರೆ. ದೇವಸ್ಥಾನ ನೋಡಿ ಹೊರಗೆ ಬರುವಾಗ ಡ್ರೈವರ್ ಹಾರ್ನ್ ಹೊಡೆಯಲು ಶುರುಮಾಡುತ್ತಾನೆ. ಆ ಹಾರ್ನಿನ ಎರಡು ನಿಮಿಷವೇ ನನ್ನ ವ್ಯಾಪಾರದ ಹೊತ್ತು. ಅಲ್ಲಿ ನಾನು ಕಲಿತದ್ದು ಎರಡೇ ಸಂಗತಿ. ಗಿರಾಕಿಯ ಕಣ್ಣು ಯಾವ ಗಣಪತಿಯ ಮೇಲಿದೆಯೋ ಅದರ ಮಾತೇ ಎತ್ತಬಾರದು. ಅದು ತಾನಾಗಿ ಹೋಗುತ್ತದೆ. ಹೊಗಳಬೇಕಾದದ್ದು ಹೋಗದೆ ಕೂತಿರುವ ಮಾಲನ್ನು. ಈ ಪಾಠದ ಮೇಲೆ ನಾನು ಒಂದು ಮನೆ ನಡೆಸಿದೆ, ಒಬ್ಬಳು ತಂಗಿಯನ್ನು ಓದಿಸಿದೆ. ಹಾಗಾಗಿ ಅದು ಎಲ್ಲ ಕಡೆಯೂ ನಡೆಯುತ್ತದೆ ಎಂದುಕೊಂಡಿದ್ದೆ.

ಸಂಗೀತ ನಮ್ಮ ಮನೆಗೆ ಹೊಸದಲ್ಲ. ತಾತ ವಾಲಗ ಊದುತ್ತಿದ್ದರು. ಅವರ ಹತ್ತಿರ ನಾನೂ ಚಿಕ್ಕಪ್ಪನ ಮಗನೂ ಉಸಿರು ಹಿಡಿಯುವುದನ್ನು ಕಲಿತೆವು. ಆಮೇಲೆ ಮದುವೆ ತಿಂಗಳುಗಳಲ್ಲಿ ಅರಸೀಕೆರೆಯ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಇಬ್ಬರೂ ಸ್ಯಾಕ್ಸೋಫೋನ್ ಊದಿದೆವು. ಅವನು ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಮೆರವಣಿಗೆಯಲ್ಲಿ ನಾನು ಮುಂದೆ, ಅವನು ನನ್ನ ಹಿಂದೆ. ಜನರೇಟರ್ ಸದ್ದು, ಪಟಾಕಿ, ಕುಣಿಯುವ ಹುಡುಗರ ಕೂಗು, ಇದೆಲ್ಲದರ ಮೇಲೆ ಕೇಳಿಸಬೇಕು ಎಂದರೆ ಉಸಿರು ನಿಲ್ಲಿಸುವಂತಿಲ್ಲ. ಜಾವಗಲ್ಲಿನಿಂದ ಕಣಕಟ್ಟೆಯವರೆಗೆ ಯಾರ ಮದುವೆಯಾದರೂ 'ಆ ಮುಂದ್ಗಡೆ ಊದೋನು ಬರ್ಬೇಕು' ಎಂದು ಕೇಳುತ್ತಿದ್ದರು. ಮುಂದುಗಡೆಯವನು ನಾನು.

ಜಾಜ್ ಬಂದದ್ದು ಗಾಡಿಯ ಕಡೆಯಿಂದ. ಒಬ್ಬ ಎತ್ತರದ ವಿದೇಶಿ ಮನುಷ್ಯ ಒಂದು ಆನೆಯನ್ನು ಅರ್ಧ ಬೆಲೆಗೆ ಕೇಳಿದ. ನಾನು ಬಿಡಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು. ಅವನ ಜೇಬಿನಲ್ಲಿ ನಮ್ಮ ದುಡ್ಡು ಅಷ್ಟೇ ಇತ್ತು. ಬಾಕಿಗೆ ಚೀಲದಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟ. ಮೇಲೆ ಸ್ಯಾಕ್ಸೋಫೋನಿನ ಚಿತ್ರವಿತ್ತು, ಅದಕ್ಕೇ ಒಪ್ಪಿದೆ. ಕ್ಯಾಸೆಟ್ ನನ್ನದಾಯಿತು. ಆದರೆ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಇದ್ದದ್ದು ಅರಸೀಕೆರೆಯಲ್ಲಿ, ರೈಲ್ವೆ ನೌಕರಿಯಲ್ಲಿದ್ದ ಚಿಕ್ಕಪ್ಪನ ಕ್ವಾರ್ಟರ್ಸಿನಲ್ಲಿ. ನಾನು ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಕೇಳಿ ಬರುತ್ತಿದ್ದೆ. ಕ್ಯಾಸೆಟ್ ಅಲ್ಲೇ ಇರುತ್ತಿತ್ತು, ಚಿಕ್ಕಪ್ಪನ ಮಗ ದಿನಾ ಹಲ್ಲುಜ್ಜುತ್ತ ಕೇಳುತ್ತಿದ್ದ. ನನ್ನ ಮಾಲನ್ನು ಅವನು ಹಾಸಿಗೆ ಮೇಲೆ ಮಲಗಿಕೊಂಡು ಅನುಭವಿಸುತ್ತಿದ್ದಾನಲ್ಲ ಎಂದು ಬಸ್ಸಿನಲ್ಲಿ ಕೂತು ಉರಿದುಕೊಂಡದ್ದು ನೆನಪಿದೆ. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ ಎಂದು ಬರೆದರೆ ತಪ್ಪಾಗಲಾರದು.

ಹೀಗಿರುವಾಗ ಬ್ಯಾಂಡ್‌ಸೆಟ್ಟಿನ ಯಜಮಾನರು ಒಂದು ಸುದ್ದಿ ತಂದರು. ಬೇಲೂರು ರಸ್ತೆಯಲ್ಲಿ ದೊಡ್ಡ ಹೋಟೆಲ್ ಒಂದು ಏಳುತ್ತಿತ್ತು. ವಿದೇಶದ ಗಿರಾಕಿಗಳಿಗೆ ಸಂಜೆ ಹೊತ್ತು ಜಾಜ್ ನುಡಿಸಲು ಬೆಂಗಳೂರಿನಿಂದ ಕೀಬೋರ್ಡ್, ಗಿಟಾರ್, ಡ್ರಮ್ ನುಡಿಸುವವರನ್ನು ಗೊತ್ತು ಮಾಡಿದ್ದರಂತೆ. ಸ್ಯಾಕ್ಸೋಫೋನಿಗೆ ಮಾತ್ರ ಈ ಕಡೆಯವನೇ ಇದ್ದರೆ ಒಳ್ಳೆಯದು ಎಂದು ಮಾಲೀಕರ ಮನಸ್ಸು.

"ತಿಂಗ್ಳ ಸಂಬ್ಳ ಕಣ್ರಲಾ," ಎಂದರು ಯಜಮಾನರು. "ಬರೋ ವರ್ಷ ದಸರಾಕ್ಕೆ ಓಪನ್ನು. ಆದ್ರೆ ನಮ್ ದಿಬ್ಬಣದ ಊದಾಟ ನಡಿಯಾಕಿಲ್ವಂತೆ. ಎಲ್ಲಾದ್ರೂ ಕಲ್ತು ಬಂದಿರ್ಬೇಕಂತೆ."

"ಎಷ್ಟು ಜನ ಬೇಕಂತೆ?" ಎಂದೆ ನಾನು.

"ಒಬ್ಬ."

ನಾನೂ ಚಿಕ್ಕಪ್ಪನ ಮಗನೂ ಮುಖ ನೋಡಿಕೊಂಡೆವು. ಅವನು ನಕ್ಕ. ನನಗೆ ನಗು ಬರಲಿಲ್ಲ. ತಿಂಗಳ ಸಂಬಳ ಎಂಬ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ನಮ್ಮ ಮನೆಯಲ್ಲಿ ಅದನ್ನು ಯಾರೂ ಕಂಡವರಿಲ್ಲ. ಆ ಜಾಗ ನನಗೆ ಬೇಕಿತ್ತು. ಅದೂ ಅಲ್ಲದೆ, ಮಳೆ ಬಂದರೆ ಗಾಡಿ ಮುಚ್ಚಿ ಕೂರುವ, ಮದುವೆ ತಿಂಗಳು ಮುಗಿದರೆ ವಾದ್ಯ ಕಟ್ಟಿಡುವ ಬದುಕಿನಿಂದ ಆಚೆ ಬರಲು ನನಗೆ ಕಂಡ ಒಂದೇ ಬಾಗಿಲು ಅದು.

ಶಾಲೆಗಳನ್ನು ಹುಡುಕಲು ತೊಡಗಿದೆವು. ಜಾಜ್ ಕಲಿಸುವ ಜಾಗಗಳ ವಿಳಾಸ ಆಗ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಬೆಂಗಳೂರಿನ ವಾದ್ಯದ ಅಂಗಡಿಗಳಲ್ಲಿ ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ರೀಡ್ ಕೊಳ್ಳುವ ನೆಪದಲ್ಲಿ ವಿಚಾರಿಸಿ, ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡಿಕೊಂಡು ಮಾತಾಡಿ, ನಾಲ್ಕು ಹೆಸರು ಒಟ್ಟುಮಾಡಿದೆ: ಗೋವಾದಲ್ಲಿ ಒಂದು, ಮದ್ರಾಸಿನಲ್ಲಿ ಒಂದು, ಬೆಂಗಳೂರಿನಲ್ಲಿ ಎರಡು. ಇಷ್ಟು ದುಡಿದದ್ದು ನಾನು. ಚಿಕ್ಕಪ್ಪನ ಮಗ ಬಂದು ಪಟ್ಟಿ ನೋಡಿ, "ಮದ್ರಾಸಿಂದು ಚೆನ್ನಾಗೈತೆ ಅನ್ಸುತ್ತೆ ಅಣ್ಣ," ಎಂದ.

"ಯಾಕ್ಲಾ?"

"ಅಲ್ಲಿ ದಿನಾ ಬ್ಯಾಂಡ್ ಕೂರುತ್ತಂತೆ. ಫೋನ್‌ನಲ್ಲಿ ಹೇಳುದ್ರು."

"ಬ್ಯಾಂಡ್ ಇಲ್ಲಿಲ್ವಾ? ಅದುನ್ನ ನೋಡಕ್ಕೆ ಮದ್ರಾಸಿಗೆ ಹೋಗ್ಬೇಕಾ? ಹಾಸ್ಟೆಲ್ಲು, ಊಟ, ರೈಲು..."

"ರೈಲಿಗೇನಣ್ಣ, ಪಾಸೈತಲ್ಲ."

ರೈಲ್ವೆ ನೌಕರರ ಮನೆಯವರಿಗೆ ವರ್ಷಕ್ಕೆ ಇಷ್ಟು ಎಂದು ಪುಕ್ಕಟೆ ಪಾಸು ಸಿಗುತ್ತಿತ್ತು. ಆ ಹುಡುಗನಿಗೆ ಮದ್ರಾಸೂ ಒಂದೇ, ಪಕ್ಕದ ತಿಪಟೂರೂ ಒಂದೇ. ನನಗೆ ಬೆಂಗಳೂರಿನ ಪ್ರತಿ ಟಿಕೆಟ್ಟೂ ಗಾಡಿಯಿಂದ ಇಳಿದ ಒಂದು ಗಣಪತಿ. ಅವತ್ತು ಅವನಿಗೆ ಮದ್ರಾಸು ಬೇಡವೆಂದು ನಾನು ಒಂದು ಗಂಟೆ ಬುದ್ಧಿ ಹೇಳಿದೆ. ಸೆಖೆ ಎಂದೆ, ಭಾಷೆ ಬರುವುದಿಲ್ಲ ಎಂದೆ, ನೀರಿಗೆ ಕಷ್ಟ ಎಂದೆ. ಹೇಳಿದ ಒಂದೊಂದೂ ನಿಜವೇ. ಹೇಳಿದ ಉದ್ದೇಶ ಮಾತ್ರ ಬೇರೆ: ನನಗೆ ಸಿಗದ ಶಾಲೆ ಅವನಿಗೂ ಸಿಗಬಾರದಿತ್ತು. ಅವನು ತಲೆಯಾಡಿಸುತ್ತ ಕೇಳಿ, ಮುಂದಿನ ವಾರ ಮದ್ರಾಸಿಗೆ ಹೋಗಿ ಸೇರಿಕೊಂಡ.

ನಾನು ಬೆಂಗಳೂರಿನ ಎರಡರಲ್ಲಿ ಚಿಕ್ಕದಕ್ಕೆ ಹೋದೆ. ಕಂಟೋನ್ಮೆಂಟ್ ಕಡೆ, ಒಂದು ಹಳೆ ಬಂಗಲೆಯ ಮಹಡಿ. ನಡೆಸುತ್ತಿದ್ದವರು ಒಬ್ಬ ಮೇಡಂ. ಬಿಳಿ ಕೂದಲು, ಗಟ್ಟಿ ದನಿ. ನನ್ನಿಂದ ಎರಡು ನಿಮಿಷ ನುಡಿಸಿ ಕೇಳಿ, "ಉಸಿರು ಚೆನ್ನಾಗಿದೆ," ಎಂದು ಕಾಫಿ ತರಿಸಿದರು. ಆಮೇಲೆ ಶಾಲೆಯ ಕ್ರಮ ಹೇಳಿದರು: ಮಂಗಳವಾರ ಒಬ್ಬೊಬ್ಬರಿಗೇ ಪಾಠ, ಗುರುವಾರ ಬರೆದ ಸ್ವರ ಓದುವ ಪಾಠ, ಶನಿವಾರ ಎಲ್ಲರೂ ಕೂತು ಒಟ್ಟಿಗೆ ನುಡಿಸುವ ಕ್ಲಾಸು. ವರ್ಷಕ್ಕೆ ಹದಿನೆಂಟು ಸಾವಿರ.

"ಶನಿವಾರದ್ದೇ ಮುಖ್ಯ," ಎಂದರು ಮೇಡಂ. "ಉಳಿದ ಎರಡು ದಿನ ಅದಕ್ಕೆ ತಯಾರಿ ಅಷ್ಟೆ. ಇಲ್ಲಿಗೆ ಜನ ಬರುವುದೇ ಶನಿವಾರಕ್ಕೆ."

ನಾನು ಮನಸ್ಸಿನಲ್ಲೇ ನಕ್ಕೆ. ಕೇಳದೆಯೇ ಹೊಗಳಿದರಲ್ಲ, ಹೋಗದ ಮಾಲು ಯಾವುದು ಎಂದು ತಿಳಿಯಿತು! ಅಲ್ಲದೆ ಶನಿವಾರ ಹಳೇಬೀಡಿನಲ್ಲಿ ಬಸ್ಸುಗಳ ಸಾಲು. ಗಾಡಿ ಬಿಟ್ಟು ಬರುವಂತಿರಲಿಲ್ಲ. ಒಟ್ಟಿಗೆ ನುಡಿಸುವುದನ್ನು ನನಗೆ ಹೇಳಿಕೊಡುವುದೇನಿದೆ, ಹತ್ತು ವರ್ಷದಿಂದ ಹನ್ನೆರಡು ಜನರ ಮುಂದೆ ನಿಂತು ಊದುತ್ತಿದ್ದೇನೆ.

"ಮೇಡಂ, ಶನಿವಾರ ನನಗೆ ಬೇಡ. ಅದನ್ನು ತೆಗೆದು ಹೇಳಿ."

"ಅದನ್ನು ತೆಗೆದರೆ ಉಳಿಯುವುದೇನು?"

"ಎರಡು ದಿನ ಉಳಿಯುತ್ತೆ. ಹತ್ತು ಸಾವಿರ ಕೊಡ್ತೀನಿ."

"ನೋಡಿ, ಇದು ಜಾಜ್. ಒಬ್ಬರೇ ಕೂತು ಕಲಿಯೋದಲ್ಲ."

"ಹತ್ತೂವರೆ."

ಅವರು ಕಿಟಕಿಯಾಚೆ ನೋಡಿದರು. ನಾನು ಎದ್ದೆ, ವಾದ್ಯ ಹೆಗಲಿಗೇರಿಸಿದೆ, ಬಾಗಿಲ ತನಕ ಹೋದೆ. ನಮ್ಮ ಕಡೆ ಇಷ್ಟರಲ್ಲಿ ಕರೆಯುತ್ತಾರೆ. ಇವರು ಕರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ, ಬಿಚ್ಚಿದೆ, ವಾಪಸು ಬಂದು ಕೂತೆ. ಮೇಡಂ ನಕ್ಕುಬಿಟ್ಟರು. "ಹನ್ನೆರಡು ಕೊಡಿ. ಬೇಕು ಅನ್ನಿಸಿದ ದಿನ ಶನಿವಾರ ಬನ್ನಿ, ಆಗ ಅದರ ದುಡ್ಡು ಬೇರೆ," ಎಂದರು. ಗೆದ್ದೆ ಎಂದುಕೊಂಡು ಇಳಿದೆ. ಅರಸೀಕೆರೆ ತಲುಪುವವರೆಗೆ ಎದುರು ಸೀಟಿನ ಇಬ್ಬರಿಗೆ ಈ ಚೌಕಾಸಿಯನ್ನು ವಿವರವಾಗಿ ಹೇಳಿದ್ದೇನೆ.

ಆ ವರ್ಷ ಕಷ್ಟಪಟ್ಟು ಕಲಿತೆ, ಅದರಲ್ಲಿ ಸುಳ್ಳಿಲ್ಲ. ಮಂಗಳವಾರ, ಗುರುವಾರ ಹಳೇಬೀಡಿನ ಮೊದಲ ಬಸ್ಸು, ಅರಸೀಕೆರೆಯಲ್ಲಿ ರೈಲು, ಸಂಜೆ ಅದೇ ದಾರಿ ವಾಪಸು. ಹೊಯ್ಸಳರ ಕೆರೆಯ ಏರಿಯ ಮೇಲೆ ಕೂತು ಸಾಧನೆ. ಬರೆದ ಸ್ವರ ಓದಲು ಬಂತು, ಬೆರಳು ನಾಗಾಲೋಟ ಹಿಡಿಯಿತು. ಮದ್ರಾಸಿನಿಂದ ಅವನ ಕಾಗದ ಬರುತ್ತಿತ್ತು. 'ಅಣ್ಣ, ಈ ತಿಂಗಳು ಬರೀ ಕೇಳಿಸ್ತಾ ಇದ್ದಾರೆ, ಊದೋಕೆ ಬಿಡ್ತಿಲ್ಲ' ಎಂದು ಒಮ್ಮೆ ಬರೆದಿದ್ದ. ನಲವತ್ತು ಸಾವಿರ ಕೊಟ್ಟು ಕೇಳಿಸಿಕೊಳ್ಳುತ್ತ ಕೂತಿದ್ದಾನೆ ಎಂದು ಆ ಕಾಗದವನ್ನು ಊರೆಲ್ಲ ಓದಿ ಹೇಳಿದೆ. ಅದರ ಕೊನೆಯಲ್ಲಿ ಸಮುದ್ರದ ದಡದಲ್ಲಿ ಗೆಳೆಯರ ಜೊತೆ ನುಡಿಸಿದ್ದನ್ನು ಬರೆದಿದ್ದ. ಆ ಭಾಗ ಮಾತ್ರ ಯಾರಿಗೂ ಓದಲಿಲ್ಲ.

ಯುಗಾದಿಗೆ ಅವನು ಬಂದಾಗ ಬ್ಯಾಂಡ್‌ಸೆಟ್ಟಿನ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ನಾನು ಮೊದಲು ನುಡಿಸಿದೆ. ಒಂದೇ ಉಸಿರಿನಲ್ಲಿ ಮೇಲಕ್ಕೆ ಹತ್ತಿ ಇಳಿದೆ. ಅವನು ಆಮೇಲೆ ನುಡಿಸಿದ. ನನ್ನದರ ಅರ್ಧದಷ್ಟೂ ಸ್ವರವಿಲ್ಲ. ನನಗೆ ಸಮಾಧಾನವಾಯಿತು. ಸೈಡ್ ಡ್ರಮ್ ಬಾರಿಸುವ ಮುದುಕರೊಬ್ಬರಿದ್ದರು, ತಾತನ ಕಾಲದವರು. ಅವರನ್ನು ಕೇಳಿದೆ: "ಹೆಂಗಿತ್ತು ತಾತ? ಯಾರ್ದು ಜೋರು?"

"ಜೋರು ನಿಂದೇ ಕಣಪ್ಪ," ಎಂದರು ಅವರು. ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತುತ್ತ ಮತ್ತೆ ಹೇಳಿದರು: "ಆದ್ರೆ ಅವ್ನು ನುಡ್ಸುವಾಗ ನನ್ ಡ್ರಮ್ಮು ನಂಗೆ ಕೇಳುಸ್ತು. ನೀನು ನುಡ್ಸುವಾಗ ಬರೀ ನೀನೇ ಕೇಳುಸ್ತೀಯ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಮದ್ರಾಸಿಗೆ ವಾಪಸು ಹೊರಟ ದಿನ ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲಿ ಅವನ ಸಾಮಾನು ಹತ್ತಿಸಿ, ಅವನ ಜೇಬಿನಿಂದ ಇಣುಕುತ್ತಿದ್ದ ಪಾಸನ್ನು ನೋಡುತ್ತ ನಿಂತಿದ್ದೆ. ಆ ಮುದುಕರ ಮಾತಿಗೆ ಅರ್ಥ ಹುಡುಕುವ ಬದಲು, ಪಾಸಿದ್ದಿದ್ದರೆ ನಾನೂ ಹೀಗೇ ಆಗುತ್ತಿದ್ದೆ ಎಂದುಕೊಂಡೆ.

ದಸರಾಕ್ಕೆ ಹದಿನೈದು ದಿನ ಮೊದಲು ಹೋಟೆಲಿನಲ್ಲಿ ಪರೀಕ್ಷೆ. ಇನ್ನೂ ಬಣ್ಣದ ವಾಸನೆಯಿದ್ದ ಹಾಲ್. ಬೆಳಿಗ್ಗೆ ಹನ್ನೊಂದು ಗಂಟೆ. ಬೆಂಗಳೂರಿನ ಮೂವರು ಕೂತಿದ್ದರು, ಪಕ್ಕದಲ್ಲಿ ಮ್ಯಾನೇಜರ್. ಬಂದಿದ್ದವರು ನಾವಿಬ್ಬರೇ. ದೊಡ್ಡವನೆಂದು ನನ್ನನ್ನು ಮೊದಲು ಕರೆದರು. ಕೀಬೋರ್ಡಿನವರು ಹೇಳಿದರು: "ನಾಲ್ಕು ಆವರ್ತ ನೀವು, ನಾಲ್ಕು ಆವರ್ತ ಡ್ರಮ್ಮು, ಹೀಗೇ ಸುತ್ತಿ ಬರೋಣ."

ಶುರುವಾಯಿತು. ನಾಲ್ಕು ಆವರ್ತ ಮುಗಿಯುವಾಗ ನನ್ನ ಉಸಿರಿನಲ್ಲಿ ಇನ್ನೂ ಮಾಲಿತ್ತು. ಬಿಡಲಾಗಲಿಲ್ಲ. ಡ್ರಮ್ಮಿನವನು ಎರಡು ಪೆಟ್ಟು ಹಾಕಿ ಕಾದ. ನಾನು ಅವನ ಮೇಲೆ ಹತ್ತಿ ಹೋದೆ. ಗಿಟಾರಿನವನು ಏನೋ ಕೇಳಿದ ಹಾಗೆ ಮೀಟಿದ, ನಾನು ಉತ್ತರ ಕೊಡಲಿಲ್ಲ; ಕೇಳಿದ್ದು ನನ್ನನ್ನೇ ಎಂದು ತಿಳಿಯಲೂ ಇಲ್ಲ. ಮೆರವಣಿಗೆಯಲ್ಲಿ ಸದ್ದು ಕಡಿಮೆಯಾದರೆ ನಾವು ಜೋರು ಮಾಡುತ್ತೇವೆ. ಅವರು ತಗ್ಗಿದಷ್ಟೂ ನಾನು ಏರಿದೆ. ಕೀಬೋರ್ಡಿನವರು ಕೈಯೆತ್ತಿ, "ಸರ್, ನಮಗೂ ಸ್ವಲ್ಪ ಬಿಡಿ," ಎಂದರು. ಇನ್ನೊಂದು ಸಲ ಶುರುಮಾಡಿದೆವು. ಎಲ್ಲಿ ಬಿಡಬೇಕು ಎಂದು ಎಣಿಸುತ್ತ ಹೋಗಿ ಎಲ್ಲಿ ಹಿಡಿಯಬೇಕು ಎಂಬುದೇ ತಪ್ಪಿಹೋಯಿತು.

ಆಮೇಲೆ ಅವನು ನಿಂತ. ಮೊದಲ ಆವರ್ತ ಊದಲೇ ಇಲ್ಲ; ತಲೆ ಬಗ್ಗಿಸಿ ಕೇಳಿದ. ನಂತರ ಗಿಟಾರಿನವನು ಬಿಟ್ಟ ಕಡೆಯಿಂದ ಎತ್ತಿಕೊಂಡು ಎರಡೇ ಸ್ವರ ಹೇಳಿ ನಿಲ್ಲಿಸಿದ. ಡ್ರಮ್ಮಿನವನು ಅದನ್ನೇ ಬಾರಿಸಿ ತೋರಿಸಿದ. ಆಗ ಆ ಮೂವರೂ, ಗುರುತು ಪರಿಚಯವಿಲ್ಲದ ಮೂವರು, ಅವನ ಮುಖ ನೋಡಿ ನಕ್ಕರು. ಅವನೂ ನಕ್ಕ. ನನ್ನ ಬದುಕಿನಲ್ಲಿ ಪಟ್ಟ ಹೊಟ್ಟೆಕಿಚ್ಚಿನಲ್ಲಿ ಅದೇ ದೊಡ್ಡದು. ಪಾಸು, ಟೇಪ್ ರೆಕಾರ್ಡರ್, ಚಿಕ್ಕಪ್ಪನ ಸಂಬಳ ಯಾವುದೂ ಅದರ ಮುಂದೆ ಲೆಕ್ಕಕ್ಕಿಲ್ಲ. ಹತ್ತು ವರ್ಷ ಊದಿದ್ದೇನೆ, ನನ್ನ ಜೊತೆ ನುಡಿಸುತ್ತ ಯಾರೂ ಹಾಗೆ ನಕ್ಕಿರಲಿಲ್ಲ.

ಜಾಗ ಅವನದೇ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಬಿಡುವ ಜಾತಿಯಲ್ಲ ನಾನು. ಅವನು ಆಚೆ ವಾದ್ಯ ಒರೆಸುತ್ತಿದ್ದಾಗ ಮ್ಯಾನೇಜರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಸಾರ್, ಅವನಿಗೆ ಕೊಡೋದರಲ್ಲಿ ಅರ್ಧ ಕೊಡಿ, ನಾನು ಬರ್ತೀನಿ."

ಮ್ಯಾನೇಜರ್ ಆಸೆಯಿಂದ ಕೀಬೋರ್ಡಿನವರ ಮುಖ ನೋಡಿದರು. ಅವರು ವೈರು ಸುತ್ತುತ್ತ ಕೂತಿದ್ದರು, ತಲೆಯೆತ್ತಲಿಲ್ಲ. "ಅರ್ಧಕ್ಕೆ ಬಂದರೂ ಜಾಗ ಪೂರ್ತಿ ತಗೊಳ್ತಾರಲ್ಲ ಸಾರ್," ಎಂದರು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು. ಹಗರೆ ದಾಟಿದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಕೇಳಿದ: "ಅರ್ಧಕ್ಕಾ ಅಣ್ಣ?"

ಮ್ಯಾನೇಜರ್ ಹೇಳಿಬಿಟ್ಟಿದ್ದರು.

"ಮುಕ್ಕಾಲು ಕೇಳ್ಬಾರ್ದಿತ್ತಾ? ನಿನ್ ಉಸಿರಿಗೆ ಅರ್ಧ ಬಾಳ ಕಮ್ಮಿ ಆಯ್ತು ಕಣಣ್ಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ತಮಾಷೆ ಮಾಡಿದ, ನಿಜಕ್ಕೂ ನನ್ನ ಬೆಲೆ ಕಡಿಮೆಯಾಯಿತು ಎಂದು ಬೇಜಾರು ಮಾಡಿಕೊಂಡವನ ಹಾಗೆ. ಹಳೇಬೀಡಿನಲ್ಲಿ ಇಳಿಯುವಾಗ "ಬತ್ತೀನಿ" ಎಂದೆ. "ಮೆತ್ತಗಿಳಿ ಅಣ್ಣ, ಸ್ಯಾಕ್ಸು ತಗುಲೀತು," ಎಂದ.

ಮುಂದಿನ ಶನಿವಾರ ಬೆಂಗಳೂರಿಗೆ ಹೋದೆ. ಗಾಡಿಯನ್ನು ತಂಗಿಗೆ ಒಪ್ಪಿಸಿದೆ. ಆ ದಿನ ಅವಳು ನನಗಿಂತ ಜಾಸ್ತಿ ಮಾರಿದಳು, ಅದಕ್ಕೂ ಹೊಟ್ಟೆ ಉರಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಡಂ ಆರು ಸಾವಿರ ಕೇಳಿದರು. ಚೌಕಾಸಿ ಮಾಡಲಿಲ್ಲ. ಒಳಗೆ ಏಳೆಂಟು ಜನ ಅರ್ಧ ಸುತ್ತಾಗಿ ಕೂತಿದ್ದರು. ಒಬ್ಬ ಬ್ಯಾಂಕಿನ ಗುಮಾಸ್ತ, ಇಬ್ಬರು ಕಾಲೇಜು ಹುಡುಗಿಯರು, ಹೀಗೆ. ನನ್ನನ್ನು ನಡುವೆ ಕೂರಿಸಿ, ಒಂದು ಇಡೀ ಹಾಡು ವಾದ್ಯ ಕೈಯಲ್ಲಿ ಹಿಡಿದು ಸುಮ್ಮನೆ ಕೇಳಲು ಹೇಳಿದರು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ನನಗೆ ತಡೆಯಲಾಗಲಿಲ್ಲ.

"ಸುಮ್ಮನೆ ಕೂರೋದಕ್ಕೂ ಫೀಸಾ ಮೇಡಂ?"

"ಇದಕ್ಕೇ ಫೀಸು," ಎಂದರು.

ಒಂದು ವರ್ಷ ಕೂತೆ. ಈಗ ಆ ಗುಂಪಿನ ಮೂವರ ಜೊತೆ ಅಲ್ಲಿ ಇಲ್ಲಿ ನುಡಿಸುತ್ತೇನೆ, ಮದುವೆಗಳೂ ಇವೆ. ನಾನು ನಿಲ್ಲಿಸಿದ ಕಡೆ ಗುಮಾಸ್ತರು ಎತ್ತಿಕೊಂಡಾಗ ನಮಗೂ ನಗು ಬರುವುದುಂಟು. ಆದರೆ ಚಿಕ್ಕಪ್ಪನ ಮಗ ಹೋಟೆಲಿನಲ್ಲಿ ಎರಡು ಸೀಸನ್ ನುಡಿಸಿ, ಅಲ್ಲಿನ ಗುಂಪೊಂದು ಕರೆಸಿಕೊಂಡಿತೆಂದು ಮತ್ತೆ ಮದ್ರಾಸಿಗೆ ಹೋದ. ನಾನು ಎಷ್ಟು ಕೂತರೂ ಅವನ ಆ ಮೊದಲ ಆವರ್ತದ ಮೌನ ನನಗೆ ಬಂದಿಲ್ಲ. ಅವನ ಫೋನು ಬಂದರೆ ಸಂತೋಷವಾಗುತ್ತದೆ. ಇಟ್ಟ ಮೇಲೆ ಸ್ವಲ್ಪ ಉರಿಯುತ್ತದೆ. ಎರಡೂ ಇವೆ.

ಇನ್ನು ನಿಮ್ಮ ವಿಷಯ. ಕಡಿಮೆ ಖರ್ಚಿನ ಶಾಲೆ ಹುಡುಕುವುದು ತಪ್ಪಲ್ಲ. ನಾನು ಸೇರಿದ ಶಾಲೆ ಕಡಿಮೆಯದೂ ಹೌದು, ಒಳ್ಳೆಯದೂ ಹೌದು, ಕೆಡಿಸಿದವನು ನಾನು. ಚೌಕಾಸಿ ಮಾಡಿ, ಆದರೆ ಪಾಠದ ಮೇಲೆ ಮಾಡಬೇಡಿ. ಫೀಸನ್ನು ಮೂರು ಕಂತು ಮಾಡಿಸಿ, ವಾದ್ಯ ಬಾಡಿಗೆಗೆ ಕೊಡುತ್ತಾರಾ ಕೇಳಿ, ಹಳೆ ವಿದ್ಯಾರ್ಥಿಗಳ ಪುಸ್ತಕ ಕೇಳಿ. ಅಲ್ಲೆಲ್ಲ ದುಡ್ಡು ಬಿಡುತ್ತಾರೆ. ಸೇರುವ ಮೊದಲು ಎಲ್ಲರೂ ಒಟ್ಟಿಗೆ ನುಡಿಸುವ ಕ್ಲಾಸಿನಲ್ಲಿ ಒಂದು ದಿನ ಹಿಂದೆ ಕೂತು ನೋಡಿ. ಮೇಷ್ಟ್ರು ಎಷ್ಟು ಚೆನ್ನಾಗಿ ನುಡಿಸುತ್ತಾರೆ ಎನ್ನುವುದಕ್ಕಿಂತ, ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರಾ ಎಂದು ಗಮನಿಸಿ. ಅಂಥ ಕ್ಲಾಸೇ ಇಲ್ಲದಿದ್ದರೆ ಪುಕ್ಕಟೆ ಕಲಿಸಿದರೂ ಹೋಗಬೇಡಿ. ಜೊತೆಗೆ ಸೇರುತ್ತಿರುವವನ ಫೀಸು ಎಷ್ಟು, ಅವನಿಗೆ ಯಾರು ಕೊಡುತ್ತಾರೆ ಎಂದು ವಿಚಾರಿಸಬೇಡಿ. ನಿಮ್ಮ ಸಾಧನೆಗೆ ಅದರಿಂದ ಒಂದು ಗಳಿಗೆಯೂ ಸೇರುವುದಿಲ್ಲ. ಮತ್ತೆ ಊರು ಬಿಟ್ಟು ರೂಮು ಮಾಡುವವರು ಅಡ್ವಾನ್ಸ್ ಕೊಡುವ ಮೊದಲು ಮಾಲೀಕರ ಎದುರಿಗೇ ಒಂದು ಸಲ ವಾದ್ಯ ಜೋರಾಗಿ ಊದಿ ತೋರಿಸಿ. ಆಮೇಲೂ ಅವರು ಬೀಗದ ಕೈ ಕೊಟ್ಟರೆ ಧೈರ್ಯವಾಗಿ ತೆಗೆದುಕೊಳ್ಳಿ.